ಎಣ್ಣೆ ಗೋಡೆಗೆ ಒಂದು ಕೈ ಸುಣ್ಣ

ಅತ್ತೆ ತೀರಿಕೊಂಡ ಮೂರನೆಯ ದಿನ ನಾನು ಅವರ ಅಡುಗೆಮನೆಯ ಗೋಡೆಗೆ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದೆ. ಹೊರಗೆ ಮಾತಾಡಿಸಲು ಬಂದವರಿಗೆ ಯಾರೋ ಚಹಾ ಕೊಡುತ್ತಿದ್ದರು. ಅವರಲ್ಲಿ ಒಬ್ಬರು ಒಳಗೆ ಇಣುಕಿದ್ದರೂ ಸೊಸೆ ಆಗಲೇ ಪಾಲಿನ ಲೆಕ್ಕಕ್ಕೆ ಇಳಿದಿದ್ದಾಳೆ ಅಂದುಕೊಳ್ಳುತ್ತಿದ್ದರು. ಅಂದುಕೊಂಡಿದ್ದರೂ ನನಗೆ ಏನೂ ಅನಿಸುತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಏನೂ ಅನಿಸುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟಾಗ ನಮ್ಮ ಕೆನ್ನೆಯನ್ನು ನಾವೇ ಮುಟ್ಟಿಕೊಂಡರೂ ಬೇರೆಯವರ ಕೆನ್ನೆ ಅನಿಸುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು. ಅಳು ಬಂದಿರಲಿಲ್ಲ.

ಕೊಟ್ಟೂರಿನಲ್ಲಿ ಅತ್ತೆಯದು ಮಿರ್ಚಿ ಮಂಡಕ್ಕಿ ಅಂಗಡಿ. ಮುಂದೆ ನಾಲ್ಕು ಬೆಂಚು, ಹಿಂದೆ ಅಡುಗೆಮನೆ, ಅದರ ಹಿಂದೆ ಅವರು ಮಲಗುವ ಒಂದು ಕೋಣೆ. ಮೂವತ್ತು ವರ್ಷ ಅಲ್ಲೇ ಮಿರ್ಚಿ ಕರಿದರು. ಕಟ್ಟಡ ಬಾಡಿಗೆಯದು. ಮಾಲೀಕರು ಸಾವಿಗೆ ಬಂದು ಕೈಮುಗಿದು, ಹೋಗುವಾಗ ನನ್ನ ಗಂಡನಿಗೆ, "ಅವಸರ ಇಲ್ರಿ ಮೇಷ್ಟ್ರೇ, ತಿಂಗಳ ಕೊನಿಗೆ ಬಿಟ್ಟುಕೊಟ್ರ ಸಾಕು" ಎಂದು ಹೇಳಿ ಹೋಗಿದ್ದರು. ಅಲ್ಲಿ ಬೇಕರಿ ಬರುವುದಿತ್ತು. ಅಡುಗೆಮನೆಯ ಗೋಡೆ ಕೆತ್ತಿ ಟೈಲ್ಸ್ ಹಾಕಿಸುತ್ತಾರಂತೆ.

ಆ ಗೋಡೆಯನ್ನು ನಾನು ನೋಡಿದ್ದು ಅವರು ಹೋದ ಮೇಲೆಯೇ. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿದ್ದರೂ ಅಡುಗೆಮನೆಯೊಳಗೆ ಕಾಲಿಟ್ಟಿದ್ದು ಕಡಿಮೆ. ನಮ್ಮ ಮನೆ ಹಗರಿಬೊಮ್ಮನಹಳ್ಳಿಯಲ್ಲಿ, ಅಲ್ಲೇ ಹಳೆಯ ಶೇಂಗಾ ಗೋದಾಮಿನಲ್ಲಿ ನನ್ನ ಕೆಲಸ. ಅಂಗಡಿಗೆ ಹೋದರೆ ಬೆಂಚಿನ ಮೇಲೆ ಕೂತು ಮಿರ್ಚಿ ತಿಂದು ಬರುತ್ತಿದ್ದೆ. ಆ ದಿನ ಒಳಗೆ ನೀರು ಕುಡಿಯಲು ಹೋದವಳು ಒಲೆಯಾಚೆಯ ಗೋಡೆಯ ಮುಂದೆ ನಿಂತುಬಿಟ್ಟೆ.

ಎಣ್ಣೆಹೊಗೆ ಕುಡಿದು ಕುಡಿದು ಗೋಡೆ ಡಾಂಬರಿನ ಹಾಗೆ ಕಪ್ಪಾಗಿತ್ತು. ಮೇಲಿನಿಂದ ಮಸಿ ಹಿಡಿದ ಬಲೆಯಂತೆ ಇಲ್ಲಣ ಜೋತುಬಿದ್ದಿತ್ತು. ಆ ಕಪ್ಪಿನ ನಡುವೆ, ನೆಲದಿಂದ ಎರಡು ಅಡಿ ಮೇಲೆ, ಒಂದು ಆಕಾರ. ಎರಡು ಭುಜದಷ್ಟು ಅಗಲ, ಅದರ ಮೇಲೆ ತಲೆಯಷ್ಟು ದುಂಡು. ಭುಜದ ಜಾಗದಲ್ಲಿ ಮಸಿಯೇ ಕೂತಿರಲಿಲ್ಲ, ಬಟ್ಟೆ ಉಜ್ಜಿ ಉಜ್ಜಿ ಗಾರೆ ಬೆಲ್ಲದ ಬಣ್ಣಕ್ಕೆ ತಿರುಗಿ ನುಣುಪಾಗಿತ್ತು. ತಲೆಯ ಜಾಗ ಕೊಬ್ಬರಿ ಎಣ್ಣೆ ಕುಡಿದು ಮಿಂಚುತ್ತಿತ್ತು. ನನ್ನ ಎಡಕ್ಕಿದ್ದ ಭುಜ ಸ್ವಲ್ಪ ಇಳಿದಿತ್ತು. ಒಬ್ಬ ಹೆಂಗಸು ವರ್ಷಗಟ್ಟಲೆ ಬೆನ್ನು ಒರಗಿಸಿ ಕೂತು ಎದ್ದು ಹೋದ ಜಾಗ ಅದು.

ಇದು ಅತ್ತೆ, ಅಂದುಕೊಂಡೆ. ಬ್ಯಾಗಿನಲ್ಲಿದ್ದ ಬಳಪ ತೆಗೆದು ಆಕಾರದ ಸುತ್ತ ಚೌಕಟ್ಟು ಎಳೆದೆ. ನಾಲ್ಕೂವರೆ ಅಡಿ ಎತ್ತರ, ಮೂರಡಿ ಅಗಲ. ಈ ಗೋಡೆಯ ಚರ್ಮವನ್ನು ಸುಲಿದು ತೆಗೆದುಕೊಂಡು ಹೋಗಬೇಕು ಎಂದು ನಿರ್ಧಾರ ಮಾಡಿದ್ದು ಆಗಲೇ. ನನ್ನ ಪಾಲಿಗೆ ಅವರು ಬಿಟ್ಟುಹೋಗಿದ್ದು ಅದೊಂದೇ ಎಂದು ತೋರಿತು. ತಿಂಗಳ ಕೊನೆಗೆ ಅದೂ ಟೈಲ್ಸ್ ಕೆಳಗೆ ಹೋಗುತ್ತಿತ್ತು.

ಅತ್ತೆ ಒಮ್ಮೆ ಮಾತ್ರ ನನ್ನ ಗೋದಾಮಿಗೆ ಬಂದಿದ್ದರು. ಆಗ ನಾನು ಕಂಬಳಿಯ ಮೇಲೆ ಮಣ್ಣಿನ ಚಿತ್ರ ಮಾಡುತ್ತಿದ್ದೆ. ಕೂಡ್ಲಿಗಿ ಕಡೆಯ ಕೆಂಪು, ಹಡಗಲಿ ಕಡೆಯ ಎರೆ, ಉಚ್ಚಂಗಿದುರ್ಗದ ಬೆಟ್ಟದ ಬುಡದ ಬೂದುಮಣ್ಣು, ಇವನ್ನು ಜರಡಿ ಹಿಡಿದು ಹುಣಸೆಬೀಜದ ಸರಿಯಲ್ಲಿ, ಅಂದರೆ ಅಂಟುಗಂಜಿಯಲ್ಲಿ, ಕಲಸಿ ಪದರ ಪದರವಾಗಿ ಬಳಿಯುವುದು. ಒಣಗಿದಾಗ ಅದು ತಾನಾಗಿ ಬಿರಿಯುತ್ತದೆ, ಆ ಬಿರುಕೇ ಚಿತ್ರ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ನೋಡಿ, "ಗ್ವಾಡಿಗೆ ಮಸಿ ಬಡಿಯೋದು ನಾನೂ ಮೂವತ್ತು ವರ್ಷ ಮಾಡೀನಿ ತಗೀ. ನನಗ ಯಾವನೂ ಶಾಲು ಹೊದಿಸಲಿಲ್ಲ" ಅಂದಿದ್ದರು. ಇಬ್ಬರೂ ನಕ್ಕಿದ್ದೆವು. ಈಗ ಇನ್ನೆರಡು ತಿಂಗಳಲ್ಲಿ ದೊಡ್ಡ ಊರಿನ ಗ್ಯಾಲರಿಯೊಂದರ ಪ್ರದರ್ಶನಕ್ಕೆ ನನ್ನ ಮಣ್ಣಿನ ಕಂಬಳಿಗಳು ಹೋಗುವುದಿತ್ತು. ಅವನ್ನು ಬಿಟ್ಟು ಈ ಗೋಡೆಯನ್ನು ಕೊಡುತ್ತೇನೆ ಎಂದು ಪ್ರದರ್ಶನ ನಡೆಸುವವರಿಗೆ ಫೋನು ಮಾಡಿದೆ. ಅವರು ಒಪ್ಪಿದರು.

ಗೋಡೆಯ ಚರ್ಮ ಸುಲಿಯುವ ಕ್ರಮ ಹೇಳಲು ಸುಲಭ. ತೆಳ್ಳನೆಯ ಬಟ್ಟೆಗೆ ಗಟ್ಟಿ ಅಂಟು ಹಚ್ಚಿ ಗೋಡೆಗೆ ಮೆತ್ತಬೇಕು. ಅಂಟು ಒಣಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಮೇಲಿನ ಬಣ್ಣದ ಪದರವನ್ನು ಹಿಡಿದೆಳೆಯುತ್ತದೆ. ಆಮೇಲೆ ಮೂಲೆಯಿಂದ ಬಟ್ಟೆ ಎತ್ತಿದರೆ ಬಣ್ಣ ಬಟ್ಟೆಯ ಜೊತೆ ಬರುತ್ತದೆ, ಗಾರೆ ಗೋಡೆಯಲ್ಲೇ ಉಳಿಯುತ್ತದೆ. ಅಂಟು ಬಲವಾಗಿರಬೇಕು, ಆದರೆ ಗಾರೆಯನ್ನೇ ಕಿತ್ತು ತರುವಷ್ಟು ಬಲ ಬೇಡ. ಮುಖ್ಯವಾಗಿ, ಸಿಗುವುದು ಒಂದೇ ಅವಕಾಶ.

ಚೌಕಟ್ಟಿನ ಹೊರಗೆ, ಮೂಲೆಯಲ್ಲಿ, ಅಂಗೈ ಅಗಲದ ಮೂರು ಜಾಗಗಳಲ್ಲಿ ಪರೀಕ್ಷೆ ಮಾಡಿದೆ. ಮೊದಲನೆಯದಕ್ಕೆ ನನ್ನ ಹುಣಸೆಬೀಜದ ಸರಿ, ಹಳೆಯ ಧೋತರದ ತುಂಡು. ಎಣ್ಣೆ ಗೋಡೆಯ ಮೇಲೆ ಸರಿ ಹನಿ ಹನಿಯಾಗಿ ಒಡೆಯಿತು, ಬಟ್ಟೆ ನಿಧಾನಕ್ಕೆ ಜಾರಿ ನೆಲಕ್ಕೆ ಬಿತ್ತು. ಎರಡನೆಯದನ್ನು ಸೋಡಾ ಪುಡಿಯ ನೀರಿನಲ್ಲಿ ಒರೆಸಿ ಜಿಡ್ಡು ತೆಗೆಯಲು ನೋಡಿದೆ. ಜಿಡ್ಡಿನ ಜೊತೆ ಮಸಿಯೂ ಹೋಯಿತು. ಮೂರನೆಯದಕ್ಕೆ ಬಡಗಿಗಳ ಬಿಳಿ ಗೋಂದು. ಅದು ಹಿಡಿಯಿತು. ಒಣಗಿದ ಮೇಲೆ ಎಳೆದರೆ ಹಿಡಿ ಗಾತ್ರದ ಗಾರೆಯ ಹೆಂಟೆ ಕಿತ್ತುಕೊಂಡು ಬಂತು. ಐದು ದಿನ ಹೀಗೇ ಹೋಯಿತು.

ಅತ್ತೆ ಹೋದ ಎಂಟನೆಯ ದಿನ ಗುಡೇಕೋಟೆ ಕಡೆಯ ಹಳ್ಳಿಗೆ ಹೋದೆ. ನನಗೆ ಕಂಬಳಿ ನೇಯ್ದುಕೊಡುವ ಮುದುಕ ಅಲ್ಲಿದ್ದಾನೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಸರಿ ಮಾಡುವುದನ್ನು ನನಗೆ ಕಲಿಸಿದವನು ಅವನೇ. ನೂಲಿಗೆ ಸರಿ ಹಚ್ಚುವುದು ಅಂತ ಅವನು ಹೇಳುವುದಿಲ್ಲ, ಕುಡಿಸುವುದು ಅನ್ನುತ್ತಾನೆ. ನನ್ನ ಕಷ್ಟ ಹೇಳಿದೆ.

"ಎಣ್ಣಿ ಕುಡದದ್ದು ನೀರು ಕುಡಿಯಾಂಗಿಲ್ಲವ್ವಾ," ಅಂದ. "ಎಣ್ಣಿ ಹಿಡದ ಕುರಿ ಉಣ್ಣಿಗೂ ನಾವು ಮೊದಲ ಬೂದಿ ನೀರು ತೋರಸ್ತೀವಿ. ಆಮ್ಯಾಲೆ ಸರಿ ಕುಡಿಸ್ತೀವಿ."

"ಬೂದಿ ನೀರು ಹಾಕಿದರೆ ಮಸಿ ಹೋಗುತ್ತದೆ."

"ಒರಸಬ್ಯಾಡ. ಚಿಮುಕಸು. ಚಿಮುಕಸೋದಕ್ಕೂ ಒರಸೋದಕ್ಕೂ ಫರಕ್ ಐತಿಲ್ಲೋ?" ಆಮೇಲೆ ತುಸು ಯೋಚಿಸಿ, "ಗ್ವಾಡಿ ಕಿತ್ತು ಒಯ್ದು ಏನ್ ಮಾಡ್ತಿ?" ಎಂದು ಕೇಳಿದ. ನೇತು ಹಾಕುತ್ತೇನೆ ಅಂದೆ. ಅವನು ಮಗ್ಗದ ಕಡೆ ತಿರುಗಿದ. ನನ್ನ ಗಿರಾಕಿಗಳಲ್ಲಿ ಕಂಬಳಿ ಹೊದೆಯದೆ ಗೋಡೆಗೆ ಹೊಡೆಯುವವಳು ನೀನೊಬ್ಬಳೇ ಎಂದು ಅವನು ಹಿಂದೆ ಹೇಳಿದ್ದುಂಟು.

ಅತ್ತೆಯ ದಿನದ ಕಾರ್ಯಕ್ಕೆ ಒಂದು ದಿನ ಮೊದಲು ಬೂದಿ ನೀರು ಸೋಸಿಕೊಂಡು ಕೊಟ್ಟೂರಿಗೆ ಬಂದೆ. ಬಾಗಿಲಲ್ಲೇ ಸುಣ್ಣದ ವಾಸನೆ ಬಂತು.

ಅಡುಗೆಮನೆ ಬೆಳ್ಳಗಾಗಿತ್ತು. ನಾಲ್ಕೂ ಗೋಡೆ. ನನ್ನ ಬಳಪದ ಚೌಕಟ್ಟಿಲ್ಲ, ಆಕಾರವಿಲ್ಲ, ಇಲ್ಲಣವಿಲ್ಲ. ನಡುವೆ ಸುಣ್ಣದ ಬಕೆಟ್ಟು, ನಾರಿನ ಕುಂಚ ಹಿಡಿದು ಅಂಗಡಿಯ ಮೆಣಸಿನಕಾಯಿಯಾಕೆ ನಿಂತಿದ್ದಳು.

ಈಕೆಯ ಬಗ್ಗೆ ಹೇಳಬೇಕು. ನೀಲಗುಂದದ ಕಡೆಯವಳು, ಅರವತ್ತರ ಹತ್ತಿರ. ಇಪ್ಪತ್ತೈದು ವರ್ಷ ಅತ್ತೆಯ ಅಂಗಡಿಯಲ್ಲಿ ಮೆಣಸಿನಕಾಯಿ ಸೀಳಿ, ಅಜವಾನ ತುಂಬಿ, ಕಡಲೆಹಿಟ್ಟು ಕಲಸಿ ಕೊಟ್ಟವಳು. ಅತ್ತೆ ಅವಳನ್ನು 'ಮೆಣಸಿನಕಾಯಿ' ಎಂದೇ ಕೂಗುತ್ತಿದ್ದರು. ನಾನು ಹೋದಾಗಲೆಲ್ಲ ಎದ್ದು ಬಂದು ಚಹಾ ಕೊಡುತ್ತಿದ್ದಳು. ಎಲ್ಲಿಂದ ಎದ್ದು ಬರುತ್ತಿದ್ದಳು ಎಂದು ನಾನು ಎಂದೂ ನೋಡಿರಲಿಲ್ಲ.

"ಬರ್ರಿ ಅಕ್ಕಾರ, ನೋಡ್ರಿ," ಅಂದಳು. ಮುಖದ ಮೇಲೆ, ಕೂದಲ ಮೇಲೆ ಸುಣ್ಣದ ಹನಿ. "ಸತ್ತ ಮನಿ ಗ್ವಾಡಿ ಕರ್ರಗ ಬಿಟ್ಟು ದಿನ ಮಾಡಾಕಾಗತೈತೇನ್ರಿ? ಬೀಗರು ಬರ್ತಾರ. ಬೆಳಗ್ಗಿಂದ ಹತ್ತೀನಿ."

ಬೈಯಬೇಕಿತ್ತು, ಬಾಯಿ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಆ ಸಂಕಟವಾದರೂ ಆಗಬೇಕಿತ್ತು. ಅದೂ ಆಗಲಿಲ್ಲ. ಸರಿ ಅಂದೆ. ಚೆನ್ನಾಗಿ ಆಗಿದೆ ಅಂತಲೂ ಅಂದೆನಂತೆ, ನನ್ನ ಗಂಡ ಆಮೇಲೆ ಹೇಳಿದ.

ದಿನದ ಕಾರ್ಯ ಮುಗಿಯಿತು. ಉಂಡವರು ಉಂಡು ಹೋದರು. ಮರುದಿನ ಖಾಲಿ ಅಡುಗೆಮನೆಯಲ್ಲಿ ಕೂತು ಆ ಸುಣ್ಣವನ್ನೇ ನೋಡುತ್ತಿದ್ದೆ. ಬೇರೆ ಕೆಲಸವಿರಲಿಲ್ಲ. ಆಗ ಒಂದು ವಿಷಯ ತಲೆಗೆ ಹೋಯಿತು. ಎಣ್ಣೆ ಗೋಡೆಯ ಮೇಲೆ ಸುಣ್ಣ ನಿಲ್ಲಬಾರದು. ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಉದುರಬೇಕು. ಇದು ಉದುರಿರಲಿಲ್ಲ. ಉಗುರಿನಿಂದ ಕೆರೆದೆ, ಬರಲಿಲ್ಲ. ಮೆಣಸಿನಕಾಯಿಯಾಕೆಯ ಮನೆಗೆ ಹೋಗಿ ಸುಣ್ಣಕ್ಕೆ ಏನು ಹಾಕಿದ್ದೆ ಎಂದು ಕೇಳಿದೆ.

"ಏನಿಲ್ಲರೀ. ಎಣ್ಣಿ ಗ್ವಾಡಿ ಅಲ್ಲೇನು, ಮೊದಲ ಒಲಿ ಬೂದಿ ನೀರು ಉಗ್ಗಿದೆ. ಒರಸಲಿಲ್ಲ, ಒರಸಿದ್ರ ಮಸಿ ಎಲ್ಲಾ ಕಡೀ ಬಳಕೊಂತೈತಿ. ಅದು ಆರಿದ ಮ್ಯಾಲೆ ಸುಣ್ಣಕ್ಕ ಒಂದೀಟು ಬೆಲ್ಲ ಹಾಕಿ ಹೊಡದೆ."

ನೇಕಾರ ಹೇಳಿದ್ದನ್ನು ಈಕೆ ಯಾರೂ ಹೇಳದೆಯೇ ಮಾಡಿದ್ದಳು. ಬೂದಿನೀರೂ ಸುಣ್ಣವೂ ಜಿಡ್ಡನ್ನು ಸಾಬೂನಾಗಿ ಮಾಡುತ್ತವೆ. ಸುಣ್ಣದ ಸಾಬೂನು ನೀರಿಗೆ ಕರಗುವುದಿಲ್ಲ, ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅಂದರೆ ಈಗ ಮಸಿಯನ್ನು ಸುಣ್ಣ ಹಿಡಿದಿತ್ತು. ಸುಣ್ಣದ ಒರಟು ಮೈ ನನ್ನ ಸರಿಯನ್ನು ಹಿಡಿಯುತ್ತದೆ. ನನ್ನ ಸರಿ ಬಟ್ಟೆಯನ್ನು ಹಿಡಿಯುತ್ತದೆ. ಸುಣ್ಣವನ್ನು ತೆಗೆಯಬೇಕಾದ ಅಗತ್ಯವೇ ಇರಲಿಲ್ಲ. ಸುಣ್ಣ, ಮಸಿ ಎರಡನ್ನೂ ಒಟ್ಟಿಗೆ ಎಳೆದರೆ ಬಟ್ಟೆಯ ಹಿಂಬದಿಯಲ್ಲಿ, ಗೋಡೆಗೆ ಅಂಟಿದ್ದ ಕಡೆಯಿಂದ, ಮಸಿಯ ಚಿತ್ರ ಕಾಣುತ್ತದೆ. ಮಸಿ ಕೂರದೆ ಇದ್ದ ಭುಜದ ಜಾಗದಲ್ಲಿ ಅವಳ ಸುಣ್ಣ ಬೆಳ್ಳಗೆ ಕಾಣುತ್ತದೆ. ನಾನು ಯೋಚಿಸಿದ್ದಕ್ಕಿಂತ ಒಳ್ಳೆಯ ಚಿತ್ರ. ಕಲಾವಿದೆಗೆ ಖುಷಿಯಾಗಬೇಕಾದ ಗಳಿಗೆ ಅದು. ನಾನು ಮನೆಗೆ ಹೋಗಿ ಹುಣಸೆಬೀಜ ನೆನೆಹಾಕಿದೆ.

ಈ ಸಲ ಸರಿಯನ್ನು ಮಾಮೂಲಿಗಿಂತ ಎರಡು ಪಟ್ಟು ಗಟ್ಟಿ ಕುದಿಸಿದೆ. ಒಣಗಿದಾಗ ಸಿಡಿಯದಿರಲಿ ಎಂದು ಬೆಲ್ಲ, ಹುಳ ಬರದಿರಲಿ ಎಂದು ಚಿಟಿಕೆ ಮೈಲುತುತ್ತ. ಮೊದಲು ತೆಳ್ಳನೆಯ ಮಲ್ಲುಬಟ್ಟೆಯ ಒಂದು ಪದರ, ಅದರ ಮೇಲೆ ಧೋತರ, ಅದರ ಮೇಲೆ ಗೋಣಿತಾಟು. ಪ್ರತಿಯೊಂದನ್ನೂ ನಡುವಿನಿಂದ ಅಂಚಿಗೆ ಅಂಗೈಯಲ್ಲಿ ತಿಕ್ಕಿ ಗಾಳಿ ಹೊರಗೆ ಹಾಕಬೇಕು. ಚೌಕಟ್ಟಿನ ಗುರುತು ಸುಣ್ಣದ ಕೆಳಗೆ ಹೋಗಿದ್ದರಿಂದ ನನ್ನ ಟೇಪಿನ ಅಳತೆಯೇ ಆಧಾರ. ಐದು ದಿನ ಒಣಗಲು ಬಿಟ್ಟೆ. ಐದನೆಯ ದಿನ ಗೋಣಿ ಬಾರಿಸಿದರೆ ತಮಟೆಯ ಹಾಗೆ ಸದ್ದು ಕೊಟ್ಟಿತು. ಅಂಚು ತಾನಾಗಿಯೇ ಗೋಡೆ ಬಿಟ್ಟು ಎದ್ದಿತ್ತು.

ನಾನೂ ಗಂಡನೂ ಎರಡು ಮೂಲೆ ಹಿಡಿದು ಕೆಳಗಿನಿಂದ ಮೇಲಕ್ಕೆ ಎತ್ತಿದೆವು. ಎಮ್ಮೆ ಹುಲ್ಲು ಕೀಳುವಂಥ ಸದ್ದು. ನಡುವೆ ಒಂದು ಕಡೆ ಹಿಡಿಯಿತು, ತೆಳ್ಳನೆಯ ಕರಣೆ ತೂರಿಸಿ ಬಿಡಿಸಿದೆ. ಹತ್ತು ನಿಮಿಷದಲ್ಲಿ ಪೂರ್ತಿ ಬಂತು. ಗೋಡೆಯಲ್ಲಿ ಬರೀ ಗಾರೆ ಉಳಿಯಿತು. ತಿರುಗಿಸಿ ನೆಲದ ಮೇಲೆ ಹಾಸಿದೆವು. ಕಪ್ಪಿನ ನಡುವೆ ಬಿಳಿಯ ಭುಜ, ಕಂದು ತಲೆ. ಹಿಂದಿನಿಂದ ನೋಡುತ್ತಿದ್ದರಿಂದ ಎಡಬಲ ಅದಲುಬದಲಾಗಿ, ಈಗ ಇಳಿದ ಭುಜ ಬಲಕ್ಕೆ ಬಂದಿತ್ತು.

"ಇದು ಅವ್ವ ಅಲ್ಲೇನು?" ಎಂದು ನನ್ನ ಗಂಡ ಕೇಳಿದ. ಹೌದು ಅಂದೆ. ಅವನು ಬಗ್ಗಿ ನೋಡಿದ, ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ಮೂಗು ಒರೆಸಿಕೊಳ್ಳುತ್ತಿದ್ದ. ನಾನು ಅಂಚು ಸಮ ಕತ್ತರಿಸಿದೆ.

ಅದನ್ನು ಗೋದಾಮಿನ ತೊಲೆಗೆ ತೂಗುಹಾಕಿ ಫೋಟೋ ತೆಗೆದು ಕಳಿಸಿದೆ. ಶೀರ್ಷಿಕೆ, 'ಅತ್ತೆ'. ಪ್ರದರ್ಶನ ನಡೆಸುವವರು ಫೋನು ಮಾಡಿ, "ಇದು ನಿಮ್ಮ ಅತ್ತೆಯೋ ಅಥವಾ ನೀವು ಅತ್ತಿದ್ದೋ?" ಎಂದು ಕೇಳಿದರು. ಎರಡೂ ಅಂದುಬಿಟ್ಟೆ. ಅವರಿಗೆ ಬಹಳ ಇಷ್ಟವಾಯಿತು. ಅರ್ಧ ಸುಳ್ಳು ಎಂದು ನನಗೆ ಗೊತ್ತಿತ್ತು.

ಮುಂದಿನ ಭಾನುವಾರ ಮೆಣಸಿನಕಾಯಿಯಾಕೆಯನ್ನು ಕರೆಸಿದೆ. ನಿನ್ನ ಸುಣ್ಣದಿಂದಲೇ ಕೆಲಸ ಆಯಿತು ಎಂದು ತೋರಿಸುವ ಆಸೆ. ಆಕೆ ಬಸ್ಸಿಳಿದು ಬಂದಳು, ಗೋದಾಮಿನೊಳಗೆ ಬಂದು ಅದನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು.

"ಇದನ್ನ ಯಾಕ ತಂದೀರಿ ಇಲ್ಲಿ?"

"ಅವ್ವಾರು ಅಲ್ವಾ ಇದು. ಮೂವತ್ತು ವರ್ಷ ಒರಗಿ ಕೂತ ಜಾಗ."

"ಅವ್ವಾರೆಲ್ಲಿ ಬಂದ್ರು ಇದರಾಗ?" ಅಂದಳು. "ಇದು ನಂದರೀ."

ನಾನು ನಂಬಲಿಲ್ಲ. ಇಲ್ಲ, ಇದು ಒಲೆಯ ಹತ್ತಿರದ ಗೋಡೆ ಎಂದು ವಿವರಿಸಲು ಹೊರಟೆ. ಆಕೆ ನನಗೆ ಬೆನ್ನು ಮಾಡಿ ಅದರ ಪಕ್ಕ ನಿಂತಳು. ಬಲಭುಜ ಇಳಿದಿತ್ತು. ಸಣ್ಣವಳಿದ್ದಾಗ ಬಂಡಿಯಿಂದ ಬಿದ್ದು ಮುರಿದದ್ದಂತೆ. ತುರುಬಿನ ಎತ್ತರ, ಗಿಡ್ಡ ಕುತ್ತಿಗೆ, ಭುಜದ ಇಳಿಜಾರು, ಎರಡು ಬೆನ್ನೂ ಒಂದೇ.

ಒಲೆ ಸೊಂಟದೆತ್ತರಕ್ಕಿತ್ತು. ಅದರ ಮುಂದೆ ಕೂತು ಯಾರೂ ಮಿರ್ಚಿ ಕರಿಯಲಾರರು. ಟೇಪು ಹಿಡಿದು ಅಂಗುಲ ಅಂಗುಲ ಅಳೆದವಳಿಗೆ ಇದು ಹೊಳೆಯಲಿಲ್ಲ. ನೋಡುವುದೇ ನನ್ನ ಕಸುಬು ಎಂದು ಹೇಳಿಕೊಂಡು ತಿರುಗುತ್ತೇನೆ.

"ಅವ್ವಾರು ಹಾಗಾದರೆ ಎಲ್ಲಿ ಕೂರುತ್ತಿದ್ದರು?"

"ಕುಂತಿದ್ದು ನೀವು ನೋಡೀರೇನ್ರಿ? ನಾ ಅಂತೂ ನೋಡಿಲ್ಲ. ನಿಂತು ಕರಿಯೋದು, ನಿಂತು ಉಣ್ಣೋದು. ಕುಂದ್ರು ಬಾ ಅಂದ್ರ, ಕುಂತ್ರ ಏಳಾಕ ಬರಂಗಿಲ್ಲ ಲೇ ಮೆಣಸಿನಕಾಯಿ ಅಂತಿದ್ರು. ಗ್ವಾಡಿಗೆ ಯಾವಾಗ ಒರಗಬೇಕು ಅವರು?"

ಶೀರ್ಷಿಕೆ ಈಗ ಎರಡು ಅರ್ಥದಲ್ಲೂ ಸುಳ್ಳಾಯಿತು. ನಾನು ಶೇಂಗಾ ಚೀಲದ ಮೇಲೆ ಕೂತೆ. ಆಕೆ ಇನ್ನೂ ನಿಂತೇ ಇದ್ದಳು.

"ನೀವು ಬಳಪದಾಗ ಗೆರಿ ಹೊಡದಿದ್ರಲ್ಲ," ಅಂದಳು, ನೆಲ ನೋಡುತ್ತ. "ನೋಡು, ಇಷ್ಟು ಹೊಲಸು ನಿಂದು ಅಂತ ತೋರಸಾಕ ಹೊಡದೀರಿ ಅಂದ್ಕೊಂಡೆ. ಅವ್ವಾರು ಒಂದು ದಿನ ಅಂದಿದ್ದಿಲ್ಲ. ಅವರು ಹೋಗಿ ಮೂರು ದಿನಕ್ಕ ಸೊಸಿ ಅಂದಳಲ್ಲ ಅಂತ ಹೊಟ್ಟಿ ಉರೀತು. ಬೀಗರ ಕಣ್ಣಿಗೆ ಬೀಳೋದು ಬ್ಯಾಡ ಅಂತ ಬಳದೆ."

"ಅಯ್ಯೋ, ಹೊಲಸು ಅಲ್ಲ ಅದು. ಅದು ಕಲೆ."

"ಹೂಂರೀ, ಕಲಿನ. ನಾನೂ ಅದನ್ನ ಹೇಳಾಕತ್ತೀನಿ. ಎಣ್ಣಿ ಕಲಿ. ಅದಕ್ಕ ಸುಣ್ಣ ಹೊಡದದ್ದು."

ನಗು ಬಂತು. ಆಕೆ ನಗಲಿಲ್ಲ. ಇದು ದೊಡ್ಡ ಊರಿಗೆ ಹೋಗುತ್ತದೆ, ಬಹಳ ಮಂದಿ ನೋಡುತ್ತಾರೆ, ನಿನ್ನ ಹೆಸರು ಬರೆಯುತ್ತೇನೆ ಅಂದೆ. ಅದು ಇನ್ನೂ ಕೆಟ್ಟದಾಯಿತು.

"ಹೆಸರು ಬರದು ನನ್ನ ಹೊಲಸು ತೋರಸ್ತೀರಾ?" ಆಮೇಲೆ ಸುತ್ತಿಕೊಂಡು ಹೋಗಿ ಬಟ್ಟೆಯ ಇನ್ನೊಂದು ಬದಿ ನೋಡಿದಳು. ಅಲ್ಲಿ ಬರೀ ಗೋಣಿ. "ನನ್ನ ಸುಣ್ಣ ಎಲ್ಲಿ?"

"ಗೋಣಿಯ ಒಳಗಿದೆ. ಮುಚ್ಚಿಹೋಗಿದೆ."

"ಅದನ್ನ ತೋರಸ್ರಿ. ಅದು ನಾ ಮಾಡಿದ ಕೆಲಸ. ಕುಂತಲ್ಲಿ ಎಣ್ಣಿ ಹತ್ತಿದ್ದು ಕೆಲಸೇನು?"

ಎರಡು ದಿನ ನಾನು ಗೋದಾಮಿನ ಬಾಗಿಲು ತೆಗೆಯಲಿಲ್ಲ. ಆಕೆ ಕೇಳಿದ್ದು ಆಗದ ಮಾತಲ್ಲ. ಗೋಡೆ ಸುಲಿಯುವವರು ಸಾಮಾನ್ಯವಾಗಿ ಮಾಡುವುದೇ ಅದು. ಹಿಂಬದಿಗೆ ಹೊಸ ಬಟ್ಟೆ ಅಂಟಿಸಿ, ಮುಂದಿನ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆಯುವುದು. ಆಗ ಗೋಡೆ ಹೇಗಿತ್ತೋ ಹಾಗೇ ಕಾಣುತ್ತದೆ, ಅಂದರೆ ಸುಣ್ಣ ಮಾತ್ರ. ಮಸಿ, ಭುಜ, ತಲೆ ಎಲ್ಲವೂ ಒಳಗೆ ಶಾಶ್ವತವಾಗಿ ಹೋಗುತ್ತವೆ. ಮಸಿ ತೋರಿಸಬೇಕು ಎಂದೇ ನಾನು ಕ್ರಮದ ಆ ಕೊನೆಯ ಅರ್ಧವನ್ನು ಬಿಟ್ಟಿದ್ದೆ. ನನ್ನ ಕೆಲಸದಲ್ಲಿ ಅಷ್ಟು ಒಳ್ಳೆಯದು ಹಿಂದೆ ಬಂದಿರಲಿಲ್ಲ, ಮುಂದೆ ಬರುತ್ತದೆ ಎಂಬ ಭರವಸೆಯೂ ಇರಲಿಲ್ಲ. ಆಹ್ವಾನಪತ್ರಿಕೆಯಲ್ಲಿ ಅದರ ಫೋಟೋ ಬಂದಾಗಿತ್ತು. ಆಕೆಗೆ ತಿಳಿಸದೆ ಕಳಿಸಿದ್ದರೆ ಆಕೆಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಈ ಲೆಕ್ಕವನ್ನೂ ನಾನು ಹಾಕಿದೆ, ಸುಳ್ಳು ಹೇಳುವುದಿಲ್ಲ.

ಆದರೆ ಅತ್ತೆ ಇಪ್ಪತ್ತೈದು ವರ್ಷ ಆ ಗುರುತನ್ನು ಕಂಡೂ ಒಂದು ಮಾತು ಆಡಿರಲಿಲ್ಲ. ನಾನು ಮೂರು ದಿನಕ್ಕೆ ಬಳಪ ಎಳೆದಿದ್ದೆ. ಬಾಗಿಲು ಮುಚ್ಚಿದ ಮೂರನೆಯ ದಿನ ಪ್ರದರ್ಶನ ನಡೆಸುವವರಿಗೆ ಫೋನು ಮಾಡಿ ಕೃತಿ ಬದಲಾಗಿದೆ ಎಂದು ಹೇಳಿದೆ.

"ಈಗ ಏನು ಕಾಣುತ್ತದೆ?" ಎಂದು ಕೇಳಿದರು.

"ಸುಣ್ಣ."

"ಬರೀ ಬಿಳಿ?"

"ಬರೀ ಸುಣ್ಣ," ಅಂದೆ. ಜಾಗ ಕೊಟ್ಟಾಗಿದೆ, ತನ್ನಿ ಅಂದರು.

ಹಿಂಬದಿಯ ಅಂಟು ಬಿಸಿನೀರಿಗೆ ಕರಗಬಾರದು. ಕೆನೆ ತೆಗೆದ ಮೊಸರನ್ನು ಹಿಂಡಿ ಗಟ್ಟಿ ಮಾಡಿ ಸುಣ್ಣದ ತಿಳಿಯಲ್ಲಿ ಅರೆದರೆ ಅಂಥ ಅಂಟಾಗುತ್ತದೆ. ಅದನ್ನು ಮಸಿಯ ಮೇಲೆ ಹಚ್ಚುವಾಗ ಭುಜದ ಜಾಗವನ್ನು ಕೊನೆಗೆ ಉಳಿಸಿಕೊಂಡೆ, ಆಮೇಲೆ ಅದನ್ನೂ ಹಚ್ಚಿದೆ. ಮಲ್ಲುಬಟ್ಟೆ, ಅದರ ಹಿಂದೆ ಗುಡೇಕೋಟೆಯ ಕಂಬಳಿ. ಹನ್ನೆರಡು ದಿನ ಭಾರವಿಟ್ಟು ಒಣಗಿಸಿದೆ. ಆಮೇಲೆ ಮೆಣಸಿನಕಾಯಿಯಾಕೆಯನ್ನು ಮತ್ತೆ ಕರೆಸಿದೆ. ಬರುವುದಿಲ್ಲ ಅಂದಳಂತೆ. ನನ್ನ ಗಂಡ ಹೋಗಿ ಕರೆದುಕೊಂಡು ಬಂದ.

ಆಕೆಯ ಎದುರಿಗೇ ಬಿಸಿನೀರಿನ ಬಟ್ಟೆ ಹಾಕಿ ಗೋಣಿಯನ್ನು ನೆನೆಸಿದೆ. ಸರಿ ಕರಗಿ, ಕೆಳಗಿನದು ಕಾಣದಷ್ಟು ಮಂದ ಲೋಳೆಯಾಯಿತು. ಗೋಣಿ ಬಂತು, ಧೋತರ ಬಂತು, ಕೊನೆಗೆ ಮಲ್ಲುಬಟ್ಟೆಯನ್ನು ಸುರುಳಿ ಸುತ್ತುತ್ತ ತೆಗೆದೆ. ಎರಡು ದಿನ ಬಿಸಿಲಿಗೆ ಒಣಗಲಿ ಎಂದು ಇಟ್ಟು, ಆಕೆಯನ್ನು ನಮ್ಮ ಮನೆಯಲ್ಲೇ ಉಳಿಸಿಕೊಂಡೆ. ಒಣಗಿದ ಮೇಲೆ ಗೋದಾಮಿನ ಗೋಡೆಗೆ ನಿಲ್ಲಿಸಿದೆವು. ಸುಣ್ಣದಲ್ಲಿ ನಾರಿನ ಕುಂಚದ ಗೆರೆಗಳು ಸ್ಪಷ್ಟವಾಗಿದ್ದವು. ಅಲ್ಲಲ್ಲಿ ಕಂದು ಕಲೆ ಮೇಲೆದ್ದಿತ್ತು.

ಆಕೆ ಹತ್ತಿರ ಹೋಗಿ ನೋಡಿದಳು. "ಎಣ್ಣಿ ಉಗಳೈತಿ. ಅವತ್ತು ಸುಣ್ಣ ಸಾಲಲಿಲ್ಲ, ಒಂದ ಕೈ ಹೊಡದೆ. ಎರಡು ಕೈ ಹೊಡೀಬೇಕಿತ್ತು."

"ಈಗ ಹೊಡೀತೀಯಾ?"

ಆಕೆ ನನ್ನ ಮುಖ ನೋಡಿದಳು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಸೆರಗು ಸಿಕ್ಕಿಸಿ, ನನ್ನ ಸುಣ್ಣದ ಡಬ್ಬಿಯಲ್ಲಿ ಬೆರಳಿಟ್ಟು, ಇದು ದಪ್ಪ ಐತಿ ಎಂದು ನೀರು ಹಾಕಿ ಕಲಸಿದಳು. ಮೇಲಿನಿಂದ ಕೆಳಕ್ಕೆ, ಆಮೇಲೆ ಅಡ್ಡಕ್ಕೆ. ನಾನು ನಾಲ್ಕು ಹೆಜ್ಜೆ ಹಿಂದೆ ಡಬ್ಬಿ ಹಿಡಿದು ನಿಂತೆ.

ಸುಣ್ಣ ಹಸಿಯಿದ್ದಾಗ ತಳ ತೋರಿಸುತ್ತದೆ, ಒಣಗುತ್ತ ಬೆಳ್ಳಗಾಗುತ್ತದೆ. ಸುಣ್ಣ ಹೊಡೆದ ಯಾರಿಗಾದರೂ ಗೊತ್ತಿರುವ ಮಾತಿದು, ನನಗೆ ಮರೆತೇಹೋಗಿತ್ತು. ಆಕೆ ಕುಂಚ ಎಳೆದು ಮುಗಿಸುವ ಹೊತ್ತಿಗೆ ಹಳೆಯ ಸುಣ್ಣವೂ ನೆಂದು ಪಾರದರ್ಶಕವಾಯಿತು. ಕಪ್ಪು ಮೇಲೆ ಬಂತು, ಕಪ್ಪಿನ ನಡುವೆ ಭುಜ ಬಂತು, ತಲೆ ಬಂತು. ಗೋಡೆಯ ಮೇಲೆ ಮೊದಲು ಕಂಡ ಹಾಗೇ, ಇಳಿದ ಭುಜ ಎಡಕ್ಕೆ. ಆಕೆ ಕುಂಚ ಕೆಳಗಿಟ್ಟಳು.

"ನಾ ಇಷ್ಟು ಅಗಲ ಅದೀನೇನ್ರಿ?" ಅಂದಳು. ಸ್ವಲ್ಪ ಹೊತ್ತು ನೋಡಿದಳು. ಈ ಸಲ ಬಾಯಿಗೆ ಸೆರಗು ಇಟ್ಟುಕೊಳ್ಳಲಿಲ್ಲ. "ನಾ ಇಲ್ಲಿ ಕುಂದ್ರತಿದ್ದೆ. ನಡಕ ಒಲಿ. ಅವ್ವಾರು ಅಲ್ಲಿ, ನೀವು ನಿಂತೀರಲ್ಲ, ಅಲ್ಲೇ ನಿಂತು ಈ ಕಡೀ ಮುಖ ಮಾಡಿ ಕರೀತಿದ್ರು. ದಿನಾ ಇದನ್ನ ನೋಡ್ತಿದ್ರು, ಪಾಪ."

ಅಂಚಿನಿಂದ ಸುಣ್ಣ ಒಣಗತೊಡಗಿತು. ಮೊದಲು ಕಪ್ಪು ಬೂದಿಯಾಯಿತು, ಆಮೇಲೆ ಭುಜದ ಗೆರೆ ಹೋಯಿತು. ಒಣಗ್ಲಿ ಬಿಡ್ರಿ, ಚಾ ಕುಡಿಯೂಣ ಬರ್ರಿ ಎಂದು ಆಕೆ ಕೈ ತೊಳೆಯಲು ಹೋದಳು. ತಲೆಯ ಜಾಗ ಬೆಳ್ಳಗಾಗುವ ತನಕ ನಾನು ನಿಂತಲ್ಲಿಂದ ಕದಲಲಿಲ್ಲ.